ಉಪೇಕ್ಷಿಸು ಎಂಬ ಗುಂಡಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಂದು ಬುಧವಾರ ಎಂದು ನನ್ನ ನೆನಪು, ಗುರುವಾರವೂ ಆಗಿದ್ದೀತು. ಎರಡು ಸಾವಿರದ ಐದೋ ಆರೋ, ಹಳೆಯ ಪತ್ರಗಳನ್ನು ನೋಡದೆ ಅದನ್ನೂ ಖಚಿತವಾಗಿ ಹೇಳಲಾರೆ. ರೈಲು ಹೋದದ್ದು ಕೋಟ್ಟಯಂ ಮೇಲೋ ಆಲಪ್ಪುಳದ ಮೇಲೋ ಎಂದು ಕೇಳಿದರೆ, ಕಿಟಕಿಯಾಚೆ ನೀರು ಕಾಣುತ್ತಿತ್ತು ಎನ್ನಬಲ್ಲೆ. ಕೇರಳದಲ್ಲಿ ಅದೊಂದು ಗುರುತೇ ಅಲ್ಲ. ಆಗ ನಾನು ದಿನಚರಿ ಬರೆಯುತ್ತಿದ್ದೆ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: "ಮನೆಗೆ ಬಂದೆ. ಪೈಂಟಿನ ವಾಸನೆ. ಅತ್ತೆಯನ್ನು ಕೇಳಿದೆ." ಏನು ಕೇಳಿದೆ ಎಂದು ಬರೆಯಲು ಧೈರ್ಯ ಬಂದಿರಲಿಲ್ಲ ಅಂತ ಕಾಣುತ್ತದೆ.

ಹೆದರಿಕೆ ಮಾತ್ರ ಸ್ಪಷ್ಟವಾಗಿ ನೆನಪಿದೆ. ಅದು ಪಕ್ಕೆಲುಬಿನ ಕೆಳಗೆ, ಎಡಗಡೆ, ಯಾರೋ ಒದ್ದೆ ಬಟ್ಟೆಯನ್ನು ಹಿಂಡಿ ಅಲ್ಲೇ ಬಿಟ್ಟ ಹಾಗಿತ್ತು. ಈಗಲೂ ಕಂಪ್ಯೂಟರಿನಲ್ಲಿ ಏನನ್ನಾದರೂ ಮುಚ್ಚುವಾಗ, ಪುಟ್ಟ ಚೌಕವೊಂದು ಮೇಲೆದ್ದು ಪ್ರಶ್ನೆ ಕೇಳಿದರೆ, ಅದೇ ಜಾಗ ಬಿಗಿಯುತ್ತದೆ.

ಅಪ್ಪ ತಿರುವನಂತಪುರದ ಹತ್ತಿರ ತುಂಬಾ ಎಂಬಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸಕ್ಕಿದ್ದರು. ನಾನು ಹುಟ್ಟಿದ್ದು ತಿರುವನಂತಪುರದಲ್ಲೇ. ಶಾಲೆಯಲ್ಲಿ ಇಂಗ್ಲಿಷು, ಕ್ವಾರ್ಟರ್ಸಿನ ಅಂಗಳದಲ್ಲಿ ಮಲಯಾಳ, ಮನೆಯೊಳಗೆ ಮೈಸೂರಿನ ಕನ್ನಡ. ಕನ್ನಡ ನನಗೆ ಬಹಳ ವರ್ಷ ಕಿವಿಯ ಭಾಷೆಯಾಗಿಯೇ ಇತ್ತು. ಅಕ್ಷರ ಕಲಿಸಿದ್ದು ಅತ್ತೆ, ಅಪ್ಪನ ಅಕ್ಕ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ, ಬೆನ್ನಿನ ಬಿಳಿಯಲ್ಲಿ ಬರೆಸುತ್ತಿದ್ದರು. ಮದುವೆಗೆ ಮೊದಲು ಅವರು ಮೈಸೂರಿನ ಕಚೇರಿಯೊಂದರಲ್ಲಿ ಕನ್ನಡ ಟೈಪಿಸ್ಟ್ ಆಗಿದ್ದರು. ನಾನು ಒಂದನೆಯ ತರಗತಿಯಲ್ಲಿದ್ದಾಗ ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದರು. ಮತ್ತೆ ಹೋಗಲಿಲ್ಲ.

ಅವರ ಯಜಮಾನರು ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ "ನಾರ್ತ್ ಕಡೆ ಕೆಲಸ" ಎಂದು ಅಮ್ಮ ಹೇಳುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ. ನಾನು ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತು ಬಾಳೆಹಣ್ಣಿನ ಬೋಂಡ ತಿನ್ನುತ್ತಿದ್ದಾಗ, ಒಳಗೆ ಆ ಮನೆಯ ಚೇಚಿ, ಅಲ್ಲಿಯ ಮಾತಿನಲ್ಲಿ ಅಕ್ಕ, ಇನ್ಯಾರಿಗೋ ಮೆಲ್ಲಗೆ ಹೇಳಿದ್ದು ಕೇಳಿಸಿತು: "ಭರ್ತಾವ್ ಉಪೇಕ್ಷಿಚ್ಚದಾ." ಗಂಡ ಬಿಟ್ಟುಹೋದವಳು ಎಂದು ಅರ್ಥ. ಮಲಯಾಳದಲ್ಲಿ ಉಪೇಕ್ಷಿಸುವುದು ಎಂದರೆ ತೊರೆಯುವುದು, ಇನ್ನು ಬೇಡವೆಂದು ಬಿಟ್ಟುಬಿಡುವುದು. ಆ ಪದವನ್ನು ನಾನು ಮೊದಲು ಕಲಿತದ್ದು ಆ ಮೆಟ್ಟಿಲಿನ ಮೇಲೆ. ಕನ್ನಡದಲ್ಲಿ ಅದಕ್ಕೆ ಬೇರೆ ಅರ್ಥವಿದೆ, ಲಕ್ಷ್ಯ ಕೊಡದಿರುವುದು ಎಂದಷ್ಟೇ, ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಮನೆಮಾತಿನಲ್ಲಿ ಅದು ಬರುವುದೂ ಇಲ್ಲವಲ್ಲ.

ಡಿಗ್ರಿ ಮುಗಿಸಿ ಕಳಮಶ್ಶೇರಿಯ ಕ್ಯಾಂಪಸ್ಸಿಗೆ ಕಂಪ್ಯೂಟರ್ ಓದಲು ಹೋದೆ. ಅಲ್ಲಿ ಮುಕ್ತ ತಂತ್ರಾಂಶದ ಹುಚ್ಚು ಜೋರಾಗಿತ್ತು. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾದ ತಣ್ಣನೆಯ ಲ್ಯಾಬಿನಲ್ಲಿ ಏಳೆಂಟು ಜನ ಕೂತು, ಇಡೀ ಡೆಸ್ಕ್‌ಟಾಪನ್ನು ಮಲಯಾಳಕ್ಕೆ ತರುತ್ತಿದ್ದರು. ಒಬ್ಬ ಸೀನಿಯರ್ ನನ್ನನ್ನು ನೋಡಿ, "ನೀನು ಕನ್ನಡದವಳಲ್ಲವಾ? ನಿಮ್ಮದು ಅರ್ಧ ಖಾಲಿ ಇದೆ, ನಾಚಿಕೆ ಆಗಲ್ವಾ?" ಎಂದ. ನಾಚಿಕೆಯಾಯಿತು. ಆ ವಾರವೇ ಒಬ್ಬರು ಬರೆದರೆ ಎಲ್ಲರಿಗೂ ತಲುಪುವ, ಕನ್ನಡ ತಂಡದ ಮೇಲಿಂಗ್ ಲಿಸ್ಟಿಗೆ ಸೇರಿಕೊಂಡೆ.

ಕೆಲಸ ಸರಳವಾಗಿತ್ತು. ಒಂದು ಕಡತ ಕಳಿಸುತ್ತಿದ್ದರು. ಅದರಲ್ಲಿ ಪರದೆಯ ಮೇಲೆ ಕಾಣುವ ಒಂದೊಂದು ಇಂಗ್ಲಿಷ್ ಸಾಲು, ಅದರ ಕೆಳಗೆ ಖಾಲಿ ಜಾಗ. ಖಾಲಿ ಜಾಗದಲ್ಲಿ ಕನ್ನಡ ತುಂಬಬೇಕು. ಕಡತದ ತಲೆಯಲ್ಲಿ ತುಂಬಿದವರ ಹೆಸರು. ಬೆಂಗಳೂರಿನಲ್ಲಿದ್ದ ಸಂಯೋಜಕರು, ನಾನು ಎಂದೂ ಮುಖ ನೋಡದವರು, ಮೊದಲ ಪತ್ರದಲ್ಲೇ "ಯಾವ ಊರು ತಮ್ಮದು?" ಎಂದು ಕೇಳಿದ್ದರು. ನಾನು "ಮೈಸೂರು" ಎಂದು ಬರೆದೆ. ಪೂರಾ ಸುಳ್ಳೇನಲ್ಲ. ಆದರೆ ಬರೆದ ಮೇಲೆ ಪ್ರತಿ ಸಾಲು ಕಳಿಸುವಾಗಲೂ ಸಿಕ್ಕಿಬೀಳುತ್ತೇನೆ ಎಂಬ ಅಳುಕು ಇದ್ದೇ ಇತ್ತು. ಲಿಸ್ಟಿನಲ್ಲಿ ಮಾತಾಡುವವರೆಲ್ಲ ಕನ್ನಡವನ್ನು ತಮ್ಮ ಅಡುಗೆಮನೆಯಂತೆ ಬಲ್ಲವರು. ಫೈಲ್ ಅನ್ನಬೇಕೋ ಕಡತ ಅನ್ನಬೇಕೋ ಎಂದು ಒಂದು ವಾರ ಜಗಳ. ಮೌಸಿಗೆ ಒಬ್ಬರು "ಮೂಷಿಕ" ಎಂದು ಸೂಚಿಸಿದರು. ಇನ್ನೊಬ್ಬರು, "ಹಾಗಾದರೆ ಮೇಲೆ ಗಣಪತಿಯನ್ನೂ ಕೂರಿಸಿಬಿಡಿ ಸ್ವಾಮಿ" ಎಂದು ಬರೆದರು. ನಾನು ನಗುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ.

ಬರೆಯುವ ತಂತ್ರಾಂಶದ ಸಾಲುಗಳು ನನ್ನ ಪಾಲಿಗೆ ಬಂದವು. ಉಳಿಸದೆ ಮುಚ್ಚಲು ಹೋದರೆ ಒಂದು ಪ್ರಶ್ನೆ ಏಳುತ್ತದಲ್ಲ, "ಬದಲಾವಣೆಗಳನ್ನು ಉಳಿಸಬೇಕೆ?" ಎಂದು, ಅದರ ಕೆಳಗೆ ಮೂರು ಗುಂಡಿ. ಸೇವ್ ಎಂಬಲ್ಲಿ "ಉಳಿಸು" ಎಂದು ಬರೆದೆ. ಕ್ಯಾನ್ಸಲ್ ಎಂಬಲ್ಲಿ "ರದ್ದುಗೊಳಿಸು". ಬರೆದದ್ದನ್ನು ಉಳಿಸದೆ ಎಸೆದುಬಿಡುವ ಡಿಸ್ಕಾರ್ಡ್ ಎಂಬಲ್ಲಿ "ಉಪೇಕ್ಷಿಸು". ಆಚೆ ಬದಿಯ ಯಂತ್ರದಲ್ಲಿ ಮಲಯಾಳದವರು ಬರೆದದ್ದನ್ನು ನೋಡಿ ಬರೆದೆನೇ, ನನಗೇ ಹೊಳೆಯಿತೇ, ಹೇಳಲಾರೆ. ಸಂಸ್ಕೃತದ ಪದ, ಕಿವಿಗೆ ಘನವಾಗಿ ಕೇಳಿಸಿತು, ಒಳ್ಳೆಯ ಕನ್ನಡ ಹೀಗೇ ಇರುತ್ತದೆ ಎಂದುಕೊಂಡೆ. ಪರಿಶೀಲಿಸಿದವರೂ ತಡೆಯಲಿಲ್ಲ. ನೂರಾರು ಸಾಲುಗಳ ನಡುವೆ ಅದೂ ಒಂದಾಗಿ ಹೋಯಿತು. ಸಿಡಿಗಳು ತಯಾರಾದವು.

ಓಣಂ ರಜೆಗೆ ಮನೆಗೆ ಹೋದಾಗ ಒಂದು ಸಿಡಿ ಒಯ್ದು, ಹಾಲ್‌ನಲ್ಲಿದ್ದ ನಮ್ಮ ಕಂಪ್ಯೂಟರಿಗೆ ಹಾಕಿದೆ. ಪರದೆ ಕನ್ನಡದಲ್ಲಿ ಎದ್ದು ನಿಂತಿತು. ಅಪ್ಪ ಕನ್ನಡಕ ಏರಿಸಿ ನೋಡಿ, "ಭೇಷ್" ಎಂದು ಪೇಪರಿಗೆ ಮರಳಿದರು. ಅತ್ತೆ ಮಾತ್ರ ಸೆರಗಿಗೆ ಕೈ ಒರೆಸುತ್ತ ಬಂದು ಕೂತರು. ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟ ರೀತಿಯಲ್ಲೇ ಅವರು ಟೈಪಿಸ್ಟ್ ಎಂದು ತಿಳಿಯುವಂತಿತ್ತು.

"ಇದೇನೇ, ಅಕ್ಷರಗಳೆಲ್ಲ ಮನೆ ಬದಲಾಯಿಸಿಬಿಟ್ಟಿವೆ!"

"ಹೊಸ ವಿಳಾಸ ಕಲೀಬೇಕು ಅತ್ತೆ."

"ಕಲಿಯೋಣ. ನಾನೂ ಮನೆ ಬದಲಾಯಿಸಲಿಲ್ವಾ?"

ನಾಲ್ಕು ದಿನದಲ್ಲಿ ಕಲಿತರು. ನಡುನಡುವೆ ಯಂತ್ರ ಏನೇನೋ ಕೇಳುತ್ತಿತ್ತು: ಹೊಸ ಆವೃತ್ತಿ ಬಂದಿದೆ, ಜಾಗ ಕಡಿಮೆಯಿದೆ, ಇನ್ನೇನೋ. ಅತ್ತೆ ಪ್ರತಿ ಸಲ ಕರೆಯುತ್ತಿದ್ದರು. ನಾನು ಒಳಗಿನಿಂದಲೇ ಕೂಗುತ್ತಿದ್ದೆ: "ಅದು ಕೇಳ್ತಾ ಇರುತ್ತೆ ಅತ್ತೆ, ತಲೆ ಕೆಡಿಸ್ಕೋಬೇಡಿ, ಮುಂದೆ ಹೋಗಿ!" ಈ ಮಾತು ಹೇಳಿದ್ದು ನಿಜ. ಇದರಲ್ಲಿ ನನಗೆ ಅನುಮಾನವಿಲ್ಲ. "ಉಳಿಸು" ಗುಂಡಿಯನ್ನು ತೋರಿಸಿದ್ದೆನೇ? ತೋರಿಸಿದ್ದೆ ಎಂದೇ ನೆನಪು. ಆದರೆ ನೆನಪು ನನ್ನ ಕಡೆಯ ಸಾಕ್ಷಿ.

ಕಳಮಶ್ಶೇರಿಗೆ ಮರಳಿದ ಮೇಲೆ ಭಾನುವಾರದ ಫೋನಿನಲ್ಲಿ ಅಮ್ಮ ಹೇಳುತ್ತಿದ್ದರು, ಅತ್ತೆ ಮಧ್ಯಾಹ್ನವಾದರೆ ಕಂಪ್ಯೂಟರಿನ ಮುಂದೆ ಕೂತುಬಿಡುತ್ತಾರೆ, ಏನು ಬರೀತಾರೋ ಯಾರಿಗೂ ತೋರಿಸಲ್ಲ ಎಂದು. ನಾನು ಅತ್ತೆಗೆ ಫೋನ್ ಕೊಡಲು ಹೇಳಿ, "ಉಳಿಸಿದಿರಾ?" ಎಂದು ಕೇಳುತ್ತಿದ್ದೆ.

"ಮುಗೀಲಿ ಕಣೇ. ಅರ್ಧ ಹಾಳೇನ ಯಾರಾದ್ರೂ ರೋಲರ್‌ನಿಂದ ಕೀಳ್ತಾರಾ?"

ಟೈಪಿಸ್ಟಿನ ಬುದ್ಧಿ. ಹಾಳೆ ತುಂಬುವ ತನಕ ಅದು ಯಂತ್ರದಲ್ಲೇ ಇರಬೇಕು. ಬರೆದು ಮುಗಿಸಿದ ಮೇಲೆ ಪರದೆಯನ್ನಷ್ಟೇ ಆರಿಸಿ ಏಳುತ್ತಿದ್ದರು. ಕಂಪ್ಯೂಟರ್ ಹಗಲೂ ರಾತ್ರಿ ಓಡುತ್ತಲೇ ಇತ್ತು, ಕೆಳಗೆ ಅಪ್ಪ ತಂದಿಟ್ಟ ದೊಡ್ಡ ಬ್ಯಾಟರಿಯ ಯುಪಿಎಸ್. ದಸರೆಗೆ ಎರಡು ದಿನ ಹೋದಾಗ ನಾನು ಒಮ್ಮೆ ಕದ್ದು ನೋಡಿದೆ. ಮೇಲೆ "ಶೀರ್ಷಿಕೆಯಿಲ್ಲದ ದಾಖಲೆ ೧" ಎಂದಿತ್ತು. ಅದು ನನ್ನದೇ ಅನುವಾದ. ಕೆಳಗೆ ಮೊದಲ ಸಾಲು: "ಅವತ್ತು ಅವರು ಛತ್ರಿ ಬಿಟ್ಟು ಹೋದದ್ದರಿಂದ, ಬೇಗ ಬರುತ್ತಾರೆ ಎಂದುಕೊಂಡೆ." ಅಷ್ಟರಲ್ಲಿ ಹೆಜ್ಜೆ ಸಪ್ಪಳವಾಯಿತು, ಪರದೆ ಆರಿಸಿದೆ. ಪಕ್ಕದ ಅಂಚಿನಲ್ಲಿದ್ದ ಜಾರುಪಟ್ಟಿ, ಪುಟ ಸರಿಸುವ ಸ್ಕ್ರಾಲ್‌ಬಾರ್, ಬಹಳ ಸಣ್ಣದಾಗಿತ್ತು. ದಾಖಲೆ ಅಷ್ಟು ಉದ್ದವಿದೆ ಎಂದು ಅರ್ಥ. ಛತ್ರಿಯ ಸಾಲನ್ನು ನಾನು ನಿಜವಾಗಿ ಓದಿದೆನೋ, ಆಮೇಲಿನ ವರ್ಷಗಳಲ್ಲಿ ನಾನೇ ಕಟ್ಟಿಕೊಂಡೆನೋ, ಈಗ ಪ್ರಮಾಣ ಮಾಡಲಾರೆ. ಜಾರುಪಟ್ಟಿ ಸಣ್ಣದಿದ್ದದ್ದು ಮಾತ್ರ ಖಂಡಿತ.

ಅತ್ತೆ ತಮ್ಮ ಬದುಕಿನ ಬಗ್ಗೆ ನಮ್ಮ ಯಾರ ಹತ್ತಿರವೂ ಒಂದು ಮಾತು ಆಡಿದವರಲ್ಲ. ಹದಿನೈದು ವರ್ಷ ಬಾಯಿಗೆ ಬಾರದ್ದು ಆ ಯಂತ್ರದಲ್ಲಿ, ಹೆಸರಿಲ್ಲದೆ, ಉಳಿಸದೆ, ತೆರೆದೇ ಇತ್ತು.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಅಪ್ಪ ಫೋನಿನಲ್ಲಿ ಹೇಳಿದರು: "ಈ ಬುಧವಾರ ಕ್ವಾರ್ಟರ್ಸಿಗೆ ಪೈಂಟಿನವರು ಬರ್ತಾರೆ. ಅಮ್ಮ ಹೇಗೂ ಮೈಸೂರಿಗೆ ಹೋಗಿರ್ತಾಳೆ. ಹಾಲ್ ಖಾಲಿ ಮಾಡಬೇಕು. ಕಂಪ್ಯೂಟರ್ ಆರಿಸಿ ಒಳಕೋಣೆಗೆ ಎತ್ತಿಡೋಕೆ ಅಕ್ಕನಿಗೆ ಹೇಳಿದೀನಿ." ನಾನು ಹೂಂ ಎಂದೆ. ಅತ್ತೆ ಮುಚ್ಚುತ್ತಾರೆ, ಯಂತ್ರ ಕೇಳುತ್ತದೆ, ಅತ್ತೆ ಉಳಿಸುತ್ತಾರೆ. ಅದರಲ್ಲಿ ಹೆದರುವುದೇನಿದೆ?

ಬುಧವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಲ್ಯಾಬಿನಲ್ಲಿ ಕೂತು ಇ-ಅಂಚೆ ತೆರೆದೆ. ಲಿಸ್ಟಿಗೆ ಹೊಸಬರೊಬ್ಬರು ಬರೆದಿದ್ದರು. ಕರ್ನಾಟಕದ ಒಂದು ಹಳ್ಳಿಯ ಶಾಲಾ ಮೇಷ್ಟ್ರು. ಒಂದಿಡೀ ದಿನ ಕೂತು ಪ್ರಶ್ನೆಪತ್ರಿಕೆ ಬೆರಳಚ್ಚು ಮಾಡಿದ್ದರಂತೆ. ಅವರ ಮಾತನ್ನು ಆಮೇಲೆ ಎಷ್ಟು ಸಲ ಓದಿದೆನೆಂದರೆ ಇಲ್ಲಿ ಹೆಚ್ಚು ತಪ್ಪಿಲ್ಲದೆ ಬರೆಯಬಲ್ಲೆ:

"ಬದಲಾವಣೆ ಉಳಿಸಬೇಕೆ ಎಂದು ಕೇಳಿತು. ನಾನು ಯಾವ ಬದಲಾವಣೆಯನ್ನೂ ಮಾಡಿರಲಿಲ್ಲ, ಹೊಸದಾಗಿ ಬರೆದಿದ್ದೆ ಅಷ್ಟೆ. ಈ ಪ್ರಶ್ನೆಯನ್ನು ಲಕ್ಷಿಸಬೇಕಿಲ್ಲ ಎಂದುಕೊಂಡು ಉಪೇಕ್ಷಿಸು ಒತ್ತಿದೆ. ಬರೆದದ್ದೆಲ್ಲ ಹೋಯಿತು. ಉಪೇಕ್ಷಿಸು ಎಂದರೆ ಅಳಿಸಿಹಾಕು ಎಂದು ಯಾವ ಊರಿನ ಕನ್ನಡ? ಇದನ್ನು ಮಾಡಿದವರಿಗೆ ಕನ್ನಡ ಬರುತ್ತದೆಯೇ?"

ನಾನು ಲೈಬ್ರರಿಗೆ ಓಡಿದೆ. ಕನ್ನಡ ನಿಘಂಟು ಅಲ್ಲಿ ಎಲ್ಲಿಂದ ಬರಬೇಕು? ಮತ್ತೆ ಲ್ಯಾಬಿಗೆ ಬಂದು, ಆ ಪದ ಬರುವ ಕನ್ನಡದ ಸಾಲುಗಳನ್ನು ಅಂತರಜಾಲದಲ್ಲಿ ಹುಡುಕಿದೆ. ಸಿಕ್ಕಿದ್ದು ಸ್ವಲ್ಪ. ಅದರಲ್ಲೆಲ್ಲ ಜನ ಸಲಹೆಯನ್ನು, ಎಚ್ಚರಿಕೆಯನ್ನು, ಆರೋಗ್ಯವನ್ನು ಉಪೇಕ್ಷಿಸುತ್ತಿದ್ದರು. ಒಬ್ಬರೂ ಹೆಂಡತಿಯನ್ನು ಉಪೇಕ್ಷಿಸಿ ಊರು ಬಿಟ್ಟಿರಲಿಲ್ಲ. ಮೊದಲು ನನಗಾದ ಭಯ ನನ್ನ ಬಗ್ಗೆಯೇ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ: ಈಗ ಎಲ್ಲರಿಗೂ ಗೊತ್ತಾಗುತ್ತದೆ, ಮೈಸೂರಿನವಳಲ್ಲ ಎಂದು ಹಿಡಿಯುತ್ತಾರೆ. ಎಷ್ಟೋ ನಿಮಿಷ ಆ ಸಣ್ಣ ಭಯದಲ್ಲೇ ಕೂತಿದ್ದೆ. ಆಮೇಲೆ ಬುಧವಾರ ಎಂಬುದು ನೆನಪಾಯಿತು.

ನಾನು "ತಲೆ ಕೆಡಿಸ್ಕೋಬೇಡಿ" ಎಂದು ಕಲಿಸಿದ್ದೆ. ಯಂತ್ರದ ಮೇಲೆ ಆ ಮಾತಿಗೆ ಸರಿಹೊಂದುವ ಗುಂಡಿ ಒಂದೇ ಒಂದಿತ್ತು. ಅದನ್ನು ಬರೆದವಳೂ ನಾನೇ.

ಕ್ಯಾಂಪಸ್ಸಿನ ಗೇಟಿನ ಎದುರಿನ ಅಂಗಡಿಯ ನಾಣ್ಯದ ಫೋನಿನಿಂದ ಮನೆಗೆ ಮಾಡಿದೆ. ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೆಯ ಸಲ ರಿಂಗೇ ಆಗಲಿಲ್ಲ. ಪೈಂಟಿನವರು ಹಾಲ್‌ನ ಫೋನಿನ ವೈರ್ ಕಿತ್ತಿಟ್ಟಿದ್ದರು ಎಂದು ಆಮೇಲೆ ತಿಳಿಯಿತು. ಅಪ್ಪನ ಕಚೇರಿಗೆ ಮಾಡಿದರೆ ಎತ್ತುವುದು ಎಕ್ಸ್‌ಚೇಂಜಿನವರು. "ಅವರು ಒಳಗಿದ್ದಾರೆ, ಸಂಜೆಯೇ ಸಿಗೋದು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ?" ಎಂದು ಕೇಳಿದರು. ಏನು ಹೇಳಲಿ? ಕನ್ನಡದ ಒಂದು ಪದ ತಪ್ಪಾಗಿದೆ ಎಂದು ಹೇಳಲೇ? "ಇಲ್ಲ" ಎಂದು ಇಟ್ಟೆ.

ಬಸ್ಸು ಹಿಡಿದು ಎರ್ನಾಕುಲಂ ಸ್ಟೇಷನ್ನಿಗೆ ಬಂದೆ. ರೈಲಿಗೆ ಇನ್ನೂ ಸಮಯವಿತ್ತು. ಅಲ್ಲಿನ ಬೂತಿನಲ್ಲಿ ನಿಂತಾಗ ಪಕ್ಕದ ಮನೆಯ ಚೇಚಿಯ ನಂಬರು ಬೆರಳಿಗೆ ತಾನಾಗಿ ಬಂತು. ನಮ್ಮ ಮನೆಗೆ ಫೋನ್ ಬರುವ ಮೊದಲು ಊರಿನಿಂದ ಕರೆ ಬರುತ್ತಿದ್ದುದು ಅವರ ಮನೆಗೇ. ಚೇಚಿ ಎತ್ತಿದರು. ನಾನು ಮಲಯಾಳದಲ್ಲಿ ಒಂದೇ ಉಸಿರಿಗೆ ಹೇಳಿದೆ: ಅತ್ತೆಗೆ ಹೇಳಿ, ಕಂಪ್ಯೂಟರಿನಲ್ಲಿ ಉಪೇಕ್ಷಿಸು ಎಂದು ಬರುತ್ತದೆ, ಅದು ಬೇಡ, ಉಪೇಕ್ಷಿಸಬಾರದು, ಎಡಗಡೆಯದನ್ನು...

"ಎಂದಾ ಮೋಳೇ? ಉಪೇಕ್ಷಿಕ್ಕರುತ್ ಎನ್ನೋ?"

ಏನು ಮಗಳೇ, ಬಿಟ್ಟುಬಿಡಬಾರದು ಎಂದೇ? ಹೌದು ಹೌದು ಎಂದೆ. ನಾಣ್ಯ ಮುಗಿದು ಲೈನು ಕಡಿಯಿತು. ಚಿಲ್ಲರೆ ಮಾಡಿಸಿ ಮತ್ತೆ ಮಾಡಿದಾಗ ಎಂಗೇಜ್. ಮೈಕಿನಲ್ಲಿ ನನ್ನ ರೈಲಿನ ಹೆಸರು ಕೂಗುತ್ತಿದ್ದರು.

ರೈಲಿನಲ್ಲಿ ಎದುರಿಗೆ ಕೂತ ಹೆಂಗಸೊಬ್ಬರು ನನ್ನ ಮುಖ ನೋಡಿ ನೀರು ಕೊಟ್ಟರು. "ಯಾರಾದರೂ ತೀರಿಕೊಂಡರಾ ಮೋಳೇ?" ಎಂದು ಕೇಳಿದರು. ಇಲ್ಲ ಎಂದೆ; ಕೇಳಿದ್ದಕ್ಕೆ ಮತ್ತಷ್ಟು ಹೆದರಿಕೆಯಾಯಿತು. ಕೊಲ್ಲಂ ದಾಟುವವರೆಗೂ ಒಂದೇ ಚಿತ್ರ: ಚೇಚಿ, ಪೈಂಟಿನ ಡಬ್ಬಗಳ ನಡುವೆ ನಿಂತು, ಅತ್ತೆಯ ಮುಖ ನೋಡಿ, ಆ ಪದವನ್ನೇ ಹೇಳುತ್ತಿದ್ದಾರೆ. ಯಾರ ಬಗ್ಗೆ ಬೆನ್ನ ಹಿಂದೆ ಹೇಳಿದ್ದರೋ ಅವರ ಎದುರಿಗೇ. ಮತ್ತು ಹೇಳಿ ಕಳಿಸಿದವಳು ನಾನು. ಗುಂಡಿಯ ಮಾತು ಬಿಟ್ಟುಹೋಗಿ ಆ ಮಾತಷ್ಟೇ ತಲುಪಿದರೆ, ಅತ್ತೆ ಏನೆಂದು ತಿಳಿಯಬೇಕು?

ಮನೆ ಮುಟ್ಟುವಾಗ ಕತ್ತಲಾಗುವುದರಲ್ಲಿತ್ತು. ಚೇಚಿ ಗೇಟಿನಲ್ಲೇ ಸಿಕ್ಕರು. ಹೇಳಿದೆ ಮಗಳೇ, ಊಟ ಮಾಡಿ ಕೈ ತೊಳೆದು ಹೋದೆ, ಏನನ್ನೂ ಉಪೇಕ್ಷಿಸಬಾರದು ಎಂದು ನೀನು ಹೇಳಿದೆ ಅಂತ ಹೇಳಿದೆ ಎಂದರು.

"ಅತ್ತೆ ಏನಂದ್ರು?"

"ಚಿರಿಚ್ಚು."

ನಕ್ಕರಂತೆ. ಎಷ್ಟು ಹೊತ್ತಿಗೆ ಹೋದಿರಿ ಎಂದು ಕೇಳಿದೆ. ಊಟದ ಮೇಲೆ ಎಂದೆನಲ್ಲ ಎಂದರು. ಚೇಚಿಯ ಊಟ ಒಂದು ಗಂಟೆಗೂ ಆಗುವುದುಂಟು, ಮೂರಕ್ಕೂ ಆಗುವುದುಂಟು. ಅದು ಮೀನಿನವಳು ಬರುವ ಹೊತ್ತಿನ ಮೇಲೆ.

ಹಾಲ್‌ನ ಗೋಡೆ ಹೊಸ ತಿಳಿಹಸಿರು. ಕಂಪ್ಯೂಟರ್ ಒಳಕೋಣೆಯ ಮೂಲೆಯಲ್ಲಿ ಹಳೆಯ ಸೀರೆ ಹೊದ್ದು ಕೂತಿತ್ತು. ಅತ್ತೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರು.

"ಇದೇನೇ ಇದ್ದಕ್ಕಿದ್ದ ಹಾಗೆ? ಕಾಲೇಜಿಂದ ಓಡಿಸಿದ್ರಾ?"

"ಅತ್ತೆ, ನೀವು ಬರೆದದ್ದು?"

"ಕಾಲು ತೊಳ್ಕೊಂಡು ಬಾ ಮೊದಲು."

ತೊಳೆಯಲಿಲ್ಲ. ಸೀರೆ ಎಳೆದು, ವೈರುಗಳನ್ನು ಜೋಡಿಸಿ, ಯಂತ್ರ ಹಚ್ಚಿದೆ. ಎಲ್ಲ ಕಡೆ ಹುಡುಕಿದೆ. ಹೆಸರಿಟ್ಟ ಕಡತವಿಲ್ಲ, ಹೆಸರಿಡದ ಕಡತವೂ ಇಲ್ಲ. ತಾತ್ಕಾಲಿಕ ಚೂರುಗಳಿರುವ ಜಾಗದಲ್ಲೂ ಏನಿಲ್ಲ. ಎಂದೂ ಉಳಿಸದ ದಾಖಲೆಗೆ ನೆರಳೂ ಇರುವುದಿಲ್ಲ. ಯಂತ್ರ ತನ್ನ ದಿನಚರಿಯಲ್ಲಿ ಒಂದೇ ಸಂಗತಿ ಬರೆದಿಟ್ಟಿತ್ತು: ಮಧ್ಯಾಹ್ನ ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಸರಿಯಾದ ಕ್ರಮದಲ್ಲಿ ಆರಿಸಲಾಗಿದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಏನೇ ಅದು, ಕಿವಿ ಓಲೆ ಬಿದ್ದುಹೋದವಳ ಹಾಗೆ ಹುಡುಕ್ತಿದೀಯ?"

ನಾನು ಅಳುತ್ತ ಎಲ್ಲ ಹೇಳಿದೆ. ಪದ ನನ್ನದು, ಕನ್ನಡದಲ್ಲಿ ಹಾಗೆ ಅರ್ಥ ಬರುವುದಿಲ್ಲ, ಅದು ಮಲಯಾಳ, ನನಗೆ ಗೊತ್ತಿರಲಿಲ್ಲ, ಮೇಷ್ಟ್ರೊಬ್ಬರದೂ ಹೋಗಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು. ತುರಿ ಅಂಟಿದ ಬೆರಳಿನಿಂದ ನನ್ನ ಕೂದಲು ಹಿಂದೆ ಸರಿಸಿದರು.

"ನಿನ್ನ ಪದ ಏನೂ ತಪ್ಪಿಲ್ಲ ಬಿಡು. ಇಲ್ಲಿ ಎಲ್ಲರೂ ಹಾಗೇ ತಾನೇ ಅನ್ನೋದು."

ನನ್ನ ಅಳು ಅಲ್ಲಿಗೇ ನಿಂತಿತು. ಅತ್ತೆಗೆ ಆ ಪದದ ಇಲ್ಲಿಯ ಅರ್ಥ ಗೊತ್ತಿತ್ತು. ಗೊತ್ತಿಲ್ಲದೆ ಇರುತ್ತದೆಯೇ? ಹದಿನೈದು ವರ್ಷ ಅದನ್ನು ಕೇಳಿಸಿಕೊಂಡವರು. ಹಾಗಾದರೆ ಅವರು ಯಾವ ಭಾಷೆಯಲ್ಲಿ ಓದಿ ಒತ್ತಿದರು? ಕನ್ನಡದಲ್ಲಿ ಓದಿದ್ದರೆ ಕಳೆದದ್ದು ನಾನು. ಮಲಯಾಳದಲ್ಲಿ ಓದಿದ್ದರೆ, ಅವರು ಬೇಕೆಂದೇ ಬಿಟ್ಟುಬಿಟ್ಟದ್ದು. ಎರಡನೆಯದು ನನಗೆ ಮೊದಲನೆಯದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಅದೇಕೆ ಎಂದು ಇವತ್ತಿಗೂ ಸರಿಯಾಗಿ ವಿವರಿಸಲಾರೆ.

"ಅಂದ್ರೆ ನಿಮಗೆ ಗೊತ್ತಿತ್ತಾ, ಒತ್ತಿದ್ರೆ ಹೋಗತ್ತೆ ಅಂತ?"

"ಸಾರಿಗೆ ಉಪ್ಪು ಸಾಕಾ ನೋಡು ಬಾ."

ಸಾರಿನ ಮುಂದೆ ನಿಂತೇ ಅವತ್ತು ನಾನು ಇನ್ನೊಂದು ಪ್ರಶ್ನೆ, ದಿನಚರಿಯಲ್ಲಿ ಬರೆಯಲಾಗದ್ದು, ಕೇಳಿದ್ದು. ಅವರು ಒಗ್ಗರಣೆ ಹಾಕಿದರು. ಸಾಸಿವೆಯ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದೆ. "ಒಂದು ತಟ್ಟೆ ತಗೋ" ಎಂದರು.

ಮರುದಿನ ಬೆಳಿಗ್ಗೆ, ಕೇಳದೆಯೇ, ಕಾಫಿ ಲೋಟ ನನ್ನ ಮುಂದಿಟ್ಟು ಹೇಳಿದರು: "ಆ ಗುಂಡಿಗೆ ದೊಡ್ಡ ಪದ ಯಾಕೆ ಹುಡುಕ್ತೀರೋ ನೀವು. ಮಾಡೋ ಕೆಲಸಾನೇ ಹೇಳಿದ್ರಾಯ್ತಪ್ಪ. ಉಳಿಸದೆ ಮುಚ್ಚು." ನಾನು ಕಳಮಶ್ಶೇರಿಗೆ ಹೋಗಿ ಲಿಸ್ಟಿಗೆ ಬರೆದೆ. ತಪ್ಪು ನನ್ನದು, ಮೇಷ್ಟ್ರ ಕ್ಷಮೆ ಕೇಳುತ್ತೇನೆ, ನಾನು ಮೈಸೂರಿನವಳಲ್ಲ, ಬೆಳೆದದ್ದು ತಿರುವನಂತಪುರದಲ್ಲಿ. "ಉಳಿಸದೆ ಮುಚ್ಚು" ಎಂಬ ತಿದ್ದುಪಡಿ ಕಳಿಸಿದೆ. ಸಂಯೋಜಕರ ಉತ್ತರ ಒಂದೇ ಸಾಲು: "ಹಾಗಾದರೆ ನಮ್ಮ ಮೂಷಿಕನಿಗೆ ಇನ್ನು ಮಲಯಾಳವೂ ಬರುತ್ತದೆ ಅನ್ನಿ." ಇಷ್ಟು ದಿನ ಹೆದರಿದ್ದು ಇದಕ್ಕೆ. ಮೇಷ್ಟ್ರು ಏನೂ ಬರೆಯಲಿಲ್ಲ. ತಿದ್ದುಪಡಿ ಮುಂದಿನ ಆವೃತ್ತಿಗೆ ಸೇರಿತು. ಕಡತದ ತಲೆಯಲ್ಲಿ ನಿಮ್ಮ ಹೆಸರೂ ಇರಲಾ ಎಂದು ಅತ್ತೆಯನ್ನು ಕೇಳಿದ್ದಕ್ಕೆ, "ಬೇಡ, ಸುಮ್ಮನಿರು" ಎಂದಿದ್ದರು.

ಇನ್ನೊಂದು ವಿಷಯ ಬರೆಯಲೇಬೇಕು. ಇತ್ತೀಚೆಗೆ ಆ ಲಿಸ್ಟಿನ ಹಳೆಯ ಕಡತಗಳನ್ನು ತೆಗೆದು ನೋಡಿದೆ. ಮೇಷ್ಟ್ರ ಪತ್ರ ಬಂದಿರುವುದು ಬುಧವಾರ ಬೆಳಿಗ್ಗೆ ಅಲ್ಲ, ಹಿಂದಿನ ಸಂಜೆ. ಅದಾದ ಅರ್ಧ ಗಂಟೆಗೆ ಅದೇ ಲಿಸ್ಟಿಗೆ ನಾನು ಬೇರೇನೋ ಒಂದು ಪತ್ರ ಬರೆದಿದ್ದೇನೆ. ಅಂದರೆ ನಾನು ಅಲ್ಲಿದ್ದೆ. ಅವರ ಪತ್ರದ ವಿಷಯದ ಸಾಲಿನಲ್ಲಿ ಆ ಪದ ಇದೆ. ಅದು ಕಣ್ಣಿಗೆ ಬಿದ್ದು, ಏನೋ ತಕರಾರು, ನಾಳೆ ನೋಡೋಣ ಎಂದು ಅಂಜಿ ಮುಚ್ಚಿದೆನೇ? ನೆನಪಿಲ್ಲ. ಹಾಗೆ ಮಾಡಿದ್ದರೆ ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಆ ಸಂಜೆಯೇ ಓದಿದ್ದರೆ ಫೋನಿನ ವೈರ್ ಇನ್ನೂ ಗೋಡೆಯಲ್ಲಿರುತ್ತಿತ್ತು.

ಅತ್ತೆ ಆಮೇಲೆ ಬರೆಯಲು ಕೂರಲಿಲ್ಲ. ಕೂತದ್ದು ಒಂದೇ ಸಲ, ಅಪ್ಪನ ನಿವೃತ್ತಿಯ ದಿನದ ಆಮಂತ್ರಣ ಟೈಪ್ ಮಾಡಲು. ಮುಗಿಸಿ, ಉಳಿಸಿ, ಎದ್ದು ಹೋದರು. ಉಳಿಸುವುದು ಹೇಗೆಂದು ನಾನು ತೋರಿಸಬೇಕಾಗಲಿಲ್ಲ. ಅದನ್ನು ಮೊದಲೇ ಕಲಿತಿದ್ದರೋ, ನಡುವೆ ಕಲಿತರೋ.

ಕಳೆದ ಸಲ ಹೋದಾಗ ಅವರು ವರಾಂಡದಲ್ಲಿ ಕೂತು ಹಸಿಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಬಿಡಿಸಿದೆ. ಪಕ್ಕದ ಮನೆಯ ಕಡೆಯಿಂದ ಮೀನು ಹುರಿಯುವ ವಾಸನೆ ಬರುತ್ತಿತ್ತು. ಒಗ್ಗರಣೆ ಸದ್ದಿಲ್ಲದ ಜಾಗ ನೋಡಿಯೇ ಮತ್ತೆ ಕೇಳಿದೆ, ಅದೇ ಮಾತಿನಲ್ಲಿ. ಅವರು ತೊಟ್ಟು ಬಿಡಿಸುತ್ತಲೇ ಇದ್ದರು.

"ಅತ್ತೆ, ಚೇಚಿ ಬಂದು ಹೇಳಿದ್ದು ನೀವು ಆ ಗುಂಡಿ ಒತ್ತೋಕೆ ಮುಂಚೇನಾ, ಆಮೇಲಾ?"